ಭರಣಿಯಿಂದ ಭಟ್ಟಿಯವರೆಗೆ: ಅಪರೂಪಕ್ಕೆ ಕುಡಿಯುವವರ ರುಚಿಪಾಠ

(ಮಡಿಕೇರಿಯ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಹಿಂದಿನ ಬೇಸಿಗೆಯಲ್ಲಿ ಗೋಣಿಕೊಪ್ಪಲಿನ ಒಂದು ಮದುವೆಯಲ್ಲಿ ನನ್ನ ತಂಗಿಯ ಮಗ ಬಂದು ಪಕ್ಕದಲ್ಲಿ ಕುಳಿತ. "ಮಾವ, ನಾನು ವರ್ಷಕ್ಕೆ ಆರೇಳು ಸಲ ಕುಡಿಯುವವನು. ಕುಡಿಯುವ ಅಷ್ಟನ್ನಾದರೂ ತಿಳಿದು ಕುಡಿಯಬೇಕು ಅಂತ ಆಸೆ. ಅಲ್ಲಿ ನೋಡಿದರೆ ಮೇಜಿನ ಮೇಲೆ ಇಪ್ಪತ್ತು ಬಾಟಲಿ ಇವೆ, ನನಗೆ ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ" ಎಂದ. ನಾನು ಆ ಗದ್ದಲದಲ್ಲಿ ಒಂದು ಹೆಸರು ಹೇಳಿ ಕಳುಹಿಸಿಬಿಟ್ಟೆ. ಆದರೆ ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಸರಿಯೆನಿಸಲಿಲ್ಲ. ಅವನು ಕೇಳಿದ್ದು ದಾರಿಯನ್ನು, ನಾನು ಕೊಟ್ಟಿದ್ದು ಅಂಗಡಿಯ ಹೆಸರನ್ನು. ಈ ದಿನ ನಿಮ್ಮ ಮುಂದೆ ಹೇಳಲಿರುವುದು ಅವನಿಗೆ ಅಂದು ಹೇಳಬೇಕಾಗಿದ್ದ ಮಾತುಗಳು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯ ರುಚಿ ನೋಡುವ ಕೆಲಸದಲ್ಲಿದ್ದವನು. ಹುರಿದು ಪುಡಿ ಮಾಡಿದ ಕಾಫಿಗೆ ಬಿಸಿನೀರು ಹುಯ್ದು, ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು, ಮೂಗನ್ನು ಬಟ್ಟಲಿನ ಹತ್ತಿರಕ್ಕೆ ಒಯ್ದು, ಆಮೇಲೆ ಸೊರ್ರೆಂದು ಹೀರಿ ಉಗುಳುವುದು ನಮ್ಮ ದಿನಚರಿಯಾಗಿತ್ತು. ಆ ಕೆಲಸ ಕಲಿಸಿದ ಒಂದು ಅಭ್ಯಾಸವನ್ನು ಮದ್ಯದ ಲೋಟಕ್ಕೂ ತಂದುಕೊಂಡವನು ನಾನು: ಬಾಯಿಗೆ ಹಾಕಿದ್ದು ಯಾವುದರಿಂದ ಆಯಿತು, ಯಾರ ಕೈಯಲ್ಲಿ ಹೇಗೆ ಮಾಗಿತು ಎಂದು ಕೇಳಿಕೊಳ್ಳುವ ಅಭ್ಯಾಸ. ನಿಮ್ಮಲ್ಲಿ ಹಲವರು ಬೆಳೆಗಾರರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ತೊಟ್ಟಿಯಲ್ಲಿ ಅರೇಬಿಕಾದ ಲೋಳೆ ಹುಳಿತು ಬಿಡುವಾಗ ಏಳುವ ವಾಸನೆ ನಿಮಗೆ ಗೊತ್ತು, ಒಂದು ರಾತ್ರಿ ಹೆಚ್ಚಾದರೆ ಒಳಸಿಪ್ಪೆಯಿರುವ ಕಾಫಿ ಬೀಜವಾದ ಪಾರ್ಚ್‌ಮೆಂಟ್ ಕೆಟ್ಟು ಹೋಗುವುದೂ ಗೊತ್ತು. ಹಾಗಾಗಿ ಹುದುಗುವಿಕೆ ಎಂಬುದು ನಿಮಗೆ ಹೊಸ ವಿಷಯವಲ್ಲ.

ಮದ್ಯಗಳೆಲ್ಲ ಎರಡೇ ಮನೆತನಕ್ಕೆ ಸೇರಿದವು. ಹುಳಿಸಿ ಹಾಗೆಯೇ ಕುಡಿಯುವ ಕಳ್ಳು, ಬಿಯರ್, ವೈನ್ ಒಂದು ಮನೆತನ. ಹುಳಿಸಿದ್ದನ್ನು ಕಾಯಿಸಿ ಭಟ್ಟಿ ಇಳಿಸಿದ ರಮ್, ವಿಸ್ಕಿ, ಬ್ರಾಂದಿ, ಜಿನ್, ವೋಡ್ಕಾ, ಫೆನಿ ಇನ್ನೊಂದು ಮನೆತನ. ಎರಡನೆಯದರಲ್ಲಿ ಯಾವುದನ್ನು ತೆಗೆದುಕೊಂಡರೂ ಅದರ ಹಿಂದೆ ಮೊದಲನೆಯದರ ಒಂದು ರೂಪ ಇದ್ದೇ ಇರುತ್ತದೆ. ಬ್ರಾಂದಿಯ ಹಿಂದೆ ವೈನ್ ಇದೆ, ವಿಸ್ಕಿಯ ಹಿಂದೆ ಬಿಯರಿನಂಥ ಒಂದು ಗಂಜಿ ಇದೆ.

ಮೊದಲ ಮನೆತನವನ್ನು ತಿಳಿಯಲು ನಮಗೆ ಬೈನೆ ಮರಕ್ಕಿಂತ ಒಳ್ಳೆಯ ಪಾಠಶಾಲೆ ಬೇಡ. ಕಾಫಿ ತೋಟದ ನೆರಳಿನಲ್ಲಿ ತಾನಾಗಿ ಬೆಳೆಯುವ ಈ ಮರವು ಬಲಿತ ಮೇಲೆ ತುದಿಯಿಂದ ಆರಂಭಿಸಿ ಕೆಳಕೆಳಗಿನ ಗಿಣ್ಣುಗಳಲ್ಲಿ ಜಡೆಯಂಥ ಹೂಗೊಂಚಲುಗಳನ್ನು ಬಿಡುತ್ತಾ ಬಂದು, ಕೊನೆಯ ಗೊಂಚಲು ಮುಗಿದ ಮೇಲೆ ಸತ್ತುಹೋಗುತ್ತದೆ. ಆ ಗೊಂಚಲಿನ ದಂಟನ್ನು ಕೆತ್ತಿ ಮಡಕೆ ಕಟ್ಟಿದರೆ ಸಿಹಿಯಾದ ರಸ ತೊಟ್ಟಿಕ್ಕುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಅದು ನೀರಾ ಆಗಿಯೇ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲೂ ಮಡಕೆಯಲ್ಲೂ ಇರುವ ಯೀಸ್ಟ್ ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಬೆಳಿಗ್ಗೆ ಇಳಿಸಿದ ಕಳ್ಳು ಸಿಹಿಯಾಗಿ ನಾಲಿಗೆಯ ಮೇಲೆ ಚುರುಗುಟ್ಟುತ್ತದೆ, ಸಂಜೆಗೆ ಸಿಹಿ ಇಳಿದು ಹುಳಿಯೂ ಅಮಲೂ ಏರುತ್ತವೆ, ಮರುದಿನಕ್ಕೆ ಬೇರೊಂದು ಸೂಕ್ಷ್ಮಜೀವಿ ಸೇರಿಕೊಂಡು ಅದನ್ನು ವಿನೆಗರ್ ಮಾಡತೊಡಗುತ್ತದೆ. ಲೋಕದ ದುಬಾರಿ ವೈನುಗಳ ಹಿಂದೆಯೂ ನಡೆಯುವುದು ಇದೇ ಕ್ರಿಯೆ. ವ್ಯತ್ಯಾಸವಿರುವುದು ಅದನ್ನು ಎಲ್ಲಿ ನಿಲ್ಲಿಸಬೇಕು, ಹೇಗೆ ಕಾಪಾಡಬೇಕು ಎಂಬುದರಲ್ಲಿ. ಯೀಸ್ಟಿನ ಈ ಕೆಲಸವನ್ನು ಲೂಯಿ ಪಾಶ್ಚರ್ ಪ್ರಯೋಗಗಳಿಂದ ತೋರಿಸಿಕೊಟ್ಟದ್ದು 1850ರ ದಶಕದ ಕೊನೆಯಿಂದ ಈಚೆಗೆ, ನಮ್ಮ ಹಿರಿಯರು ಹೊತ್ತು ನೋಡಿ ಮಡಕೆ ಇಳಿಸುತ್ತಿದ್ದುದು ಅದಕ್ಕಿಂತ ಬಹಳ ಹಿಂದಿನಿಂದ.

ಮನೆ ವೈನಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಗೆ ಬರುವವರೆಲ್ಲ ಮಸಾಲೆ ಮತ್ತು ಜೇನಿನ ಜೊತೆ ಕೇಳುವ ವಸ್ತು ಇದು, ಆದರೂ ಇದರ ಬಗ್ಗೆ ಗಮನವಿಟ್ಟು ಮಾತನಾಡುವವರು ಕಡಿಮೆ. ಇದು ಮುಖ್ಯವಾಗಿ ನಮ್ಮ ಮನೆಗಳ ಹೆಂಗಸರು ಬೆಳೆಸಿದ ವಿದ್ಯೆ. ನನ್ನ ತಾಯಿಯವರು ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ಅನಾನಸ್, ಪ್ಯಾಶನ್ ಫ್ರೂಟ್ ಹೀಗೆ ಆಯಾ ಕಾಲಕ್ಕೆ ಹಿತ್ತಲಲ್ಲಿ ಸಿಕ್ಕಿದ್ದರಲ್ಲೆಲ್ಲ ಮಾಡುತ್ತಿದ್ದರು. ದೊಡ್ಡ ಭರಣಿಯಲ್ಲಿ ಹಣ್ಣು, ಸಕ್ಕರೆ, ಕಾಯಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಸ್ವಲ್ಪ ಯೀಸ್ಟ್, ಒಂದೆರಡು ಚೂರು ಚಕ್ಕೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆಯ ಮೂಲೆಯಲ್ಲಿಟ್ಟು, ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಕಲಕಿ, ಇಪ್ಪತ್ತೊಂದನೆಯ ದಿನ ಸೋಸುತ್ತಿದ್ದರು. ಸೌಟಿನಲ್ಲಿ ಒಂದು ಹನಿ ಹಸಿನೀರು ಇರಬಾರದೆಂಬ ಅವರ ಕಟ್ಟುನಿಟ್ಟನ್ನು ನಾವು ಮಡಿಯೆಂದು ತಿಳಿದಿದ್ದೆವು. ಬೇಡದ ಸೂಕ್ಷ್ಮಜೀವಿಗಳನ್ನು ಹೊರಗಿಡುವ ಎಚ್ಚರ ಅದೆಂದು ನನಗೆ ಅರ್ಥವಾದದ್ದು ಕೆಲಸಕ್ಕೆ ಸೇರಿದ ಮೇಲೆ.

ಒಂದು ಸಲ ತಾಯಿಯವರು ಊರಲ್ಲಿಲ್ಲದಾಗ, ಇನ್ನೂ ಗುಳ್ಳೆ ಏಳುತ್ತಿದ್ದ ಪ್ಯಾಶನ್ ಫ್ರೂಟ್ ವೈನನ್ನು ನಾನೇ ಸೋಸಿ, ಬಾಟಲಿಗಳಿಗೆ ತುಂಬಿ, ಬಿರಡೆ ಬಿಗಿದು ಅಟ್ಟದ ಮೇಲಿಟ್ಟೆ. ನಾಲ್ಕನೆಯ ರಾತ್ರಿ ಮೂರು ಬಾಟಲಿಗಳು ಒಂದರ ಹಿಂದೆ ಒಂದು ಸಿಡಿದವು, ಗಾಜಿನ ಚೂರುಗಳು ಹಾಸಿಗೆಯವರೆಗೂ ಬಂದು ಬಿದ್ದಿದ್ದವು. ಅಲ್ಲಿ ಯಾರೂ ಮಲಗಿರಲಿಲ್ಲ ಎಂಬ ನೆಮ್ಮದಿಯನ್ನು ಇಂದಿಗೂ ಮರೆತಿಲ್ಲ. ಯೀಸ್ಟ್ ಇನ್ನೂ ಕೆಲಸ ಮಾಡುತ್ತಿರುವಾಗ ಬಾಯಿ ಮುಚ್ಚಿದರೆ ಹೊರಹೋಗಲಾರದ ಅನಿಲ ಬಾಟಲಿಯನ್ನೇ ಒಡೆಯುತ್ತದೆ. ಫ್ರಾನ್ಸಿನ ಶಾಂಪೇನ್ ಸೀಮೆಯವರು ಇದೇ ಅನಿಲವನ್ನು ಉದ್ದೇಶಪಟ್ಟು ಬಾಟಲಿಯೊಳಗೆ ಹಿಡಿದಿಡುತ್ತಾರೆ. ತಯಾರಾದ ವೈನಿಗೆ ಮತ್ತೆ ಸ್ವಲ್ಪ ಸಕ್ಕರೆಯನ್ನೂ ಯೀಸ್ಟನ್ನೂ ಸೇರಿಸಿ ಮುಚ್ಚಿ, ಎರಡನೆಯ ಸಲ ಹುದುಗಲು ಬಿಡುತ್ತಾರೆ. ಒಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಎರಡು ಮೂರು ಪಟ್ಟು ಇರುವುದರಿಂದಲೇ ಆ ಬಾಟಲಿಯ ಗಾಜು ಅಷ್ಟು ದಪ್ಪ, ಬಿರಡೆಗೆ ತಂತಿಯ ಕಟ್ಟು.

ನಮ್ಮ ಮನೆ ವೈನುಗಳು ಏಕೆ ಅಷ್ಟೊಂದು ಸಿಹಿ ಎಂದು ನೀವು ಕೇಳಬಹುದು. ಸಾಮಾನ್ಯ ಯೀಸ್ಟ್ ಮದ್ಯಸಾರ ಶೇಕಡಾ 14–15ರ ಹತ್ತಿರ ಬಂದಾಗ ತಾನೇ ಮಾಡಿದ ಮದ್ಯದಲ್ಲಿ ತಾನು ಬದುಕಲಾರದೆ ನಿಂತುಹೋಗುತ್ತದೆ. ನಾವು ಹಾಕುವ ಸಕ್ಕರೆ ಯೀಸ್ಟ್ ತಿಂದು ಮುಗಿಸುವುದಕ್ಕಿಂತ ಹೆಚ್ಚು. ಉಳಿದದ್ದು ನಮ್ಮ ನಾಲಿಗೆಗೆ ಬರುತ್ತದೆ. ಸಿಹಿ ಇರುವುದರಿಂದ ಅಮಲು ಇಲ್ಲವೆಂದು ತಿಳಿದು ಶರಬತ್ತಿನಂತೆ ಲೋಟ ಲೋಟ ಕುಡಿದು ಪಡಿಪಾಟಲು ಪಡುವ ಪ್ರವಾಸಿಗರನ್ನು ನೀವೂ ನೋಡಿರುತ್ತೀರಿ. ಮನೆ ವೈನನ್ನು ಕೊಳ್ಳುವವರಿಗೆ ಇನ್ನೊಂದು ಮಾತು: ಮದ್ಯ ಮಾರಲು ಅಬಕಾರಿ ಪರವಾನಗಿ ಬೇಕು, ರಸ್ತೆ ಬದಿಯಲ್ಲಿ ಚೀಟಿ ಅಂಟಿಸಿದ ಬಾಟಲಿಗಳಲ್ಲಿ ಕೆಲವು ಬಣ್ಣ, ಎಸೆನ್ಸ್ ಮತ್ತು ಸಕ್ಕರೆ ಪಾಕವಷ್ಟೇ ಆಗಿರುತ್ತವೆ. ನಿಜವಾದ ನೆಲ್ಲಿಕಾಯಿ ವೈನಿನಲ್ಲಿ ಸಿಹಿಯ ಹಿಂದೆಯೇ ಒಂದು ಒಗರು ಬಂದು ನಾಲಿಗೆಯ ಅಂಚನ್ನು ಹಿಡಿಯುತ್ತದೆ. ಆ ಒಗರು ಇಲ್ಲದ ನೆಲ್ಲಿಕಾಯಿ ವೈನನ್ನು ನಾನು ನಂಬುವುದಿಲ್ಲ.

ಈಗ ಭಟ್ಟಿಗೆ ಹೋಗೋಣ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಥೆನಾಲ್ ಎಂಬ ಕುಡಿಯುವ ಮದ್ಯಸಾರ ಕುದಿಯುವುದು 78ರ ಆಸುಪಾಸಿನಲ್ಲಿ. ಈ ಅಂತರವೇ ಇಡೀ ಉದ್ಯಮದ ಅಡಿಗಲ್ಲು. ಹುಳಿಸಿದ ದ್ರವವನ್ನು ಕಾಯಿಸಿದಾಗ ಮೊದಲು ಏಳುವ ಹಬೆಯಲ್ಲಿ ಮದ್ಯಸಾರ ಹೆಚ್ಚಿರುತ್ತದೆ, ಅದನ್ನು ತಣಿಸಿ ಹಿಡಿದರೆ ತೀಕ್ಷ್ಣವಾದ ಮದ್ಯ ಸಿಗುತ್ತದೆ. ಹೀಗೆ ಇಳಿದು ಬಂದದ್ದು ಯಾವಾಗಲೂ ನೀರಿನಷ್ಟು ತಿಳಿ. ವಿಸ್ಕಿ, ರಮ್ಮುಗಳ ಬಣ್ಣ ಬಂದದ್ದು ಒಂದೋ ಮರದ ಪೀಪಾಯಿಯಿಂದ, ಇಲ್ಲವೇ ಸುಟ್ಟ ಸಕ್ಕರೆಯ ಕ್ಯಾರಮೆಲ್‌ನಿಂದ. ಲೇಬಲ್ಲಿನ ಸಣ್ಣ ಅಕ್ಷರಗಳಲ್ಲಿ ಅದನ್ನು ಬರೆದಿರುತ್ತಾರೆ, ಓದುವ ತಾಳ್ಮೆ ಇರಬೇಕು. ಬಣ್ಣ ಗಾಢವಾಗಿದ್ದರೆ ಹಳೆಯದು, ಹಳೆಯದಾದರೆ ಉತ್ತಮ ಎಂಬ ಲೆಕ್ಕವನ್ನು ಹಾಗಾಗಿ ಬಿಟ್ಟುಬಿಡಬೇಕು.

ಅಪ್ಪಣೆಯಿಲ್ಲದ ಭಟ್ಟಿಯ ಸರಕನ್ನು ಮಾತ್ರ ಯಾವ ಕುತೂಹಲಕ್ಕೂ ಮುಟ್ಟಬಾರದು. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಕಣ್ಣನ್ನೂ ಜೀವವನ್ನೂ ತೆಗೆಯುವ ವಿಷ, ಆದರೆ ಮೂಗಿಗೂ ನಾಲಿಗೆಗೂ ಅದು ಬೇರೆಯೆಂದು ತಿಳಿಯುವುದಿಲ್ಲ. ರಾಜ್ಯದಲ್ಲಿ ಸಾರಾಯಿಯನ್ನು 2007ರ ಜುಲೈ 1ರಿಂದ ನಿಷೇಧಿಸಲಾಗಿದೆ.

ಭಟ್ಟಿಯ ಮದ್ಯಗಳಲ್ಲಿ ಕೊಡಗಿಗೆ ಅತಿ ಹತ್ತಿರದ್ದು ರಮ್. ಪ್ರತಿ ಊರಿನಲ್ಲೂ ಸೈನ್ಯದಿಂದ ನಿವೃತ್ತರಾಗಿ ಬಂದವರಿರುವ ಈ ನಾಡಿನಲ್ಲಿ ಕ್ಯಾಂಟೀನಿನ ರಮ್ ಕಾಣದ ಮನೆ ಅಪರೂಪ. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಸಿ ಇಳಿಸಿದ್ದು ಅದು. 1954ರಲ್ಲಿ ಮಾರುಕಟ್ಟೆಗೆ ಬಂದ ಓಲ್ಡ್ ಮಾಂಕ್ ಬೆಲೆಯಲ್ಲಿ ಸಾಧಾರಣವಾದದ್ದು, ಆದರೂ ಅದರಲ್ಲಿ ವೆನಿಲ್ಲಾ, ಸುಟ್ಟ ಬೆಲ್ಲ, ಒಣದ್ರಾಕ್ಷಿ ಇವುಗಳ ವಾಸನೆಯನ್ನು ಹೊಸಬರೂ ಗುರುತಿಸಬಲ್ಲರು. ಮೂಗಿನ ಅಭ್ಯಾಸಕ್ಕೆ ಮೊದಲು ಅದನ್ನೇ ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಕೋಲಾ ಸುರಿಯುವ ಮೊದಲು ಅರ್ಧ ಚಮಚದಷ್ಟನ್ನು ಹಾಗೆಯೇ ಲೋಟಕ್ಕೆ ಹಾಕಿ, ಬಾಯಿಯನ್ನು ತುಸು ತೆರೆದುಕೊಂಡು ಮೂಸಿ ನೋಡಿ. ಬಾಯಿ ಮುಚ್ಚಿ ಮೂಸಿದರೆ ಮದ್ಯಸಾರದ ಘಾಟು ಮೂಗನ್ನು ಮರಗಟ್ಟಿಸುತ್ತದೆ. ಆಮೇಲೆ ನಾಲ್ಕು ಹನಿ ನೀರು ಹಾಕಿ ಮತ್ತೆ ಮೂಸಿ. ಘಾಟು ತಗ್ಗಿ, ಅಡಗಿದ್ದ ವಾಸನೆಗಳು ಮೇಲೆ ಬಂದಿರುತ್ತವೆ.

ವಿಸ್ಕಿಯ ವಿಷಯದಲ್ಲಿ ನಮ್ಮ ದೇಶದಲ್ಲಿ ಒಂದು ಗೊಂದಲವಿದೆ. ಸ್ಕಾಚ್ ಎಂದು ಕರೆಸಿಕೊಳ್ಳಬೇಕಾದರೆ ಸ್ಕಾಟ್ಲೆಂಡಿನಲ್ಲೇ ಧಾನ್ಯದಿಂದ ತಯಾರಾಗಿ, ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ತೀಕ್ಷ್ಣತೆ ಇರಬೇಕು. ಅಮೆರಿಕದ ಬರ್ಬನ್‌ಗೆ ಕನಿಷ್ಠ ಶೇಕಡಾ 51 ಮೆಕ್ಕೆಜೋಳ ಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ ಬೇಕು. ನಮ್ಮಲ್ಲಿ ವಿಸ್ಕಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಬಾಟಲಿಗಳಲ್ಲಿ ಬಹಳಷ್ಟು ಕಾಕಂಬಿಯಿಂದ ತೆಗೆದ ವಾಸನೆರಹಿತ ಮದ್ಯಸಾರಕ್ಕೆ ಸ್ವಲ್ಪ ಮಾಲ್ಟ್ ವಿಸ್ಕಿ, ಬಣ್ಣ, ಸುವಾಸನೆ ಸೇರಿಸಿದವು. ಯುರೋಪಿನ ಕಾನೂನು ಅಂಥದ್ದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ. ಆದರೆ ಬಾರ್ಲಿಯ ಮೊಳಕೆಯಿಂದ ನಿಜವಾದ ಸಿಂಗಲ್ ಮಾಲ್ಟ್, ಎಂದರೆ ಒಂದೇ ಭಟ್ಟಿಮನೆಯ ಮಾಲ್ಟ್ ವಿಸ್ಕಿ, ಮಾಡುವವರೂ ನಮ್ಮ ರಾಜ್ಯದಲ್ಲೇ ಇದ್ದಾರೆ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಇಲ್ಲಿ ಗಮನಿಸಬೇಕಾದ ಸಂಗತಿ ಹವೆಯದು. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಮದ್ಯ ಆವಿಯಾಗಿ ಹೋದರೆ, ಬೆಂಗಳೂರಿನಲ್ಲಿ ಶೇಕಡಾ 10ಕ್ಕೂ ಹೆಚ್ಚು ಹೋಗುತ್ತದೆ. ಮರದೊಂದಿಗಿನ ಒಡನಾಟವೂ ಅಷ್ಟೇ ವೇಗದಲ್ಲಿ ನಡೆಯುತ್ತದೆ. ಆದ್ದರಿಂದ ಹನ್ನೆರಡು ವರ್ಷ, ಹದಿನೆಂಟು ವರ್ಷ ಎಂಬ ಅಲ್ಲಿನ ಎಣಿಕೆಯಿಂದ ಇಲ್ಲಿನ ಮದ್ಯವನ್ನು ಅಳೆಯಲಾಗದು. ಒಂದೇ ತಳಿಯ ಕಾಫಿಯಾದರೂ ಸಂಪಾಜೆಯ ಸೆಕೆಯಲ್ಲಿ ಹಣ್ಣಾಗುವ ಅವಧಿ ಬೇರೆ, ಭಾಗಮಂಡಲದ ತಂಪಿನಲ್ಲಿ ಬೇರೆಯಲ್ಲವೆ?

ಬ್ರಾಂದಿಯ ಬಗ್ಗೆ ನಮ್ಮಲ್ಲಿರುವ ಒಂದು ನಂಬಿಕೆಯನ್ನು ತಿದ್ದಬೇಕು. ಆಷಾಢದ ಮಳೆಯಲ್ಲಿ ನೆನೆದು ಬಂದವರಿಗೆ ಬ್ರಾಂದಿ ಕೊಡುವುದು ಮೈ ಬೆಚ್ಚಗಾಗಲೆಂದು. ಮದ್ಯಸಾರ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಅನಿಸುವುದು ನಿಜ, ಆದರೆ ಅದೇ ಕಾರಣದಿಂದ ದೇಹದ ಒಳಗಿನ ಶಾಖ ಹೊರಗೆ ಹೋಗುತ್ತದೆ. ಚಳಿಗೆ ನಡುಗುತ್ತಿರುವವರಿಗೆ ಒಣಬಟ್ಟೆಯೂ ಬಿಸಿ ಕಾಫಿಯೂ ಒಳ್ಳೆಯದು, ಮಕ್ಕಳಿಗಂತೂ ಬ್ರಾಂದಿಯನ್ನು ಔಷಧವೆಂದು ಕೊಡಲೇಬಾರದು. ಹೆಸರಿನ ಮಟ್ಟಿಗೆ ಹೇಳುವುದಾದರೆ ಬ್ರಾಂದಿಯೆಂದರೆ ವೈನನ್ನು ಭಟ್ಟಿ ಇಳಿಸಿದ್ದು, ಅದರಲ್ಲಿ ಫ್ರಾನ್ಸಿನ ಕೊನ್ಯಾಕ್ ಸೀಮೆಯಲ್ಲಿ ಅಲ್ಲಿನ ನಿಯಮದಂತೆ ತಯಾರಾದದ್ದು ಮಾತ್ರ ಕೊನ್ಯಾಕ್.

ವೋಡ್ಕಾ ವಾಸನೆಯಿಲ್ಲದಿರುವುದನ್ನೇ ಗುಣವೆಂದು ಎಣಿಸುವ ಮದ್ಯವಾದ್ದರಿಂದ ರುಚಿಯ ಹುಡುಕಾಟದಲ್ಲಿ ಅದರ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಗೋಡಂಬಿ ಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಗೋವೆಗೆ ಹೋದಾಗ ಒಮ್ಮೆ ನೋಡಿ, ಅದರ ವಾಸನೆ ಕೆಲವರಿಗೆ ಮೊದಲ ದಿನವೇ ಹಿಡಿಸುತ್ತದೆ, ಕೆಲವರಿಗೆ ಎಂದಿಗೂ ಹಿಡಿಸುವುದಿಲ್ಲ. ಜಿನ್ ಮಾತ್ರ ನಮಗೆ ಆಸಕ್ತಿಯದ್ದು. ವಾಸನೆಯಿಲ್ಲದ ಮದ್ಯಸಾರಕ್ಕೆ ಜುನಿಪರ್ ಎಂಬ ಗಿಡದ ಕಾಯಿಯನ್ನೂ ಅದರೊಂದಿಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ಏಲಕ್ಕಿ ಮುಂತಾದವುಗಳನ್ನೂ ಸೇರಿಸಿ ಇಳಿಸಿದ್ದು ಅದು. ಜೊತೆಗೆ ಬೆರೆಸುವ ಟಾನಿಕ್ ನೀರಿನ ಕಹಿ ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನಿನದು. ಅದರ ಮೂಲವಾದ ಸಿಂಕೋನಾ ಮರಗಳನ್ನು ಬ್ರಿಟಿಷರು 1860ರ ದಶಕದಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲೇ ಬೆಳೆಸಿದ್ದರು. ನಿಮ್ಮ ತೋಟದ ಕಿತ್ತಳೆಯ ಸಿಪ್ಪೆಯನ್ನು ಲೋಟದ ಮೇಲೆ ಹಿಂಡಿ ನೋಡಿ, ಸಿಪ್ಪೆಯ ಎಣ್ಣೆ ಜಿನ್ನಿನ ಒಳಗಿರುವ ಕಿತ್ತಳೆಯನ್ನು ಎಬ್ಬಿಸುತ್ತದೆ.

ಇಷ್ಟು ಬಗೆಗಳನ್ನು ಹೇಳಿದ ಮೇಲೆ ಅಳತೆಯ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಅಂಗಡಿಯ ವಿಸ್ಕಿ, ರಮ್ಮುಗಳ ಬಾಟಲಿಯ ಮೇಲೆ ಸಾಮಾನ್ಯವಾಗಿ ಮದ್ಯಸಾರ ಶೇಕಡಾ 42.8 ಎಂದಿರುತ್ತದೆ. ಹಳೆಯ ಬ್ರಿಟಿಷ್ ಅಳತೆಯಲ್ಲಿ ಶೇಕಡಾ 57.1 ಮದ್ಯಸಾರವನ್ನು 100 ಡಿಗ್ರಿ ಪ್ರೂಫ್ ಎಂದು ಹಿಡಿದಿದ್ದರು, ಅದರ ಮುಕ್ಕಾಲು ಭಾಗವೇ ಈ 42.8. ಹಾಗಾದರೆ 30 ಮಿಲಿಲೀಟರಿನ ಒಂದು ಸಣ್ಣ ಪೆಗ್‌ನಲ್ಲಿ ಸುಮಾರು 13 ಮಿಲಿಲೀಟರ್ ಶುದ್ಧ ಮದ್ಯಸಾರವಿದೆ. ಶೇಕಡಾ 12.5ರ ವೈನಿನ 150 ಮಿಲಿಲೀಟರ್ ಲೋಟದಲ್ಲಿ ಸುಮಾರು 19 ಇದೆ. ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 52 ಇದೆ, ಎಂದರೆ ನಾಲ್ಕು ಸಣ್ಣ ಪೆಗ್‌ಗಳಷ್ಟು. "ನಾನು ಬರೀ ಬಿಯರ್ ಕುಡಿಯುವವನು" ಎಂದು ಹೇಳುವವರು ಈ ಲೆಕ್ಕವನ್ನು ಒಮ್ಮೆ ಬರೆದು ನೋಡಬೇಕು. ಯಕೃತ್ತು ಗಂಟೆಗೆ ಸುಮಾರು 8ರಿಂದ 10 ಮಿಲಿಲೀಟರಿನಷ್ಟನ್ನು ಮಾತ್ರ ಕರಗಿಸುವುದರಿಂದ ಆ ಒಂದು ಬಾಟಲಿ ಮೈಯಿಂದ ಹೋಗಲು ಐದಾರು ಗಂಟೆ ಬೇಕು. ಕಾಫಿ ಕುಡಿದರೂ ತಣ್ಣೀರಿನಲ್ಲಿ ಮಿಂದರೂ ಈ ಅವಧಿ ಕಡಿಮೆಯಾಗುವುದಿಲ್ಲ. ವಾಹನ ಓಡಿಸುವವರ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಡಿ ಅಪರಾಧ. ಸಂಪಾಜೆ ಘಾಟಿ, ಮಾಕುಟ್ಟ ಘಾಟಿ ಇಳಿಯುವ ನಮಗೆ ಕಾನೂನಿಗಿಂತ ಮೊದಲು ತಿರುವುಗಳೇ ಶಿಕ್ಷೆ ಕೊಡುತ್ತವೆ. ಮದುವೆಗೆ ಹೋದರೆ ಕೀಲಿ ಕೈಯನ್ನು ಕುಡಿಯದವರಿಗೆ ಕೊಟ್ಟೇ ಮೊದಲ ಲೋಟ ಮುಟ್ಟುವುದು ನಮ್ಮ ಮನೆಯ ನಿಯಮ.

ಮದ್ಯ ಆರೋಗ್ಯಕ್ಕೆ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಎಷ್ಟು ಕಡಿಮೆಯಾದರೂ ಅಪಾಯವೇ ಇಲ್ಲದ ಪ್ರಮಾಣ ಎಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತನ್ನು ನೆಪ ಮಾಡಿಕೊಂಡು ಯಾರೂ ಆರಂಭಿಸಬಾರದು. ನನ್ನ ಹತ್ತಿರದ ಬಂಧುವೊಬ್ಬರು ಐವತ್ತು ತುಂಬುವ ಮೊದಲೇ ಕುಡಿತದಿಂದ ಹೋದರು. ಅವರ ಮನೆಯ ಕಪಾಟಿನಲ್ಲಿ ಒಳ್ಳೆಯ ಬಾಟಲಿಗಳಿಗೆ ಕೊರತೆಯಿರಲಿಲ್ಲ, ಆದರೆ ಕೊನೆಯ ವರ್ಷಗಳಲ್ಲಿ ಅವರಿಗೆ ಯಾವುದರ ರುಚಿಯೂ ತಿಳಿಯುತ್ತಿರಲಿಲ್ಲ. ಕುಡಿಯದವರನ್ನು ಒತ್ತಾಯಿಸುವುದನ್ನು ಅಂದಿನಿಂದ ನಾನು ಪೂರ್ತಿ ಬಿಟ್ಟಿದ್ದೇನೆ. ಕೈಲ್ ಪೊಳ್ದು, ಪುತ್ತರಿ ಹಬ್ಬಗಳಲ್ಲಿ ಕುಲದ ಪೂರ್ವಜರಾದ ಕಾರೋಣರಿಗೆ ಎಡೆಯಿಡುವಾಗ ಮಾಂಸದ ಜೊತೆ ಮದ್ಯವನ್ನೂ ಇಡುವ ನಾಡು ನಮ್ಮದು. ಅಲ್ಲಿ ಇಡುವುದು ಅಳತೆಯದ್ದು, ಎಲ್ಲರೆದುರು, ದೀಪದ ಬೆಳಕಿನಲ್ಲಿ ಇಡುವಂಥದ್ದು. ಹಾಗೆ ತೆರೆದಿಟ್ಟು ಕುಡಿಯುವ ಪರಿಪಾಠ ಇರುವುದರಿಂದಲೇ ಈ ವಿಷಯವನ್ನು ಇಲ್ಲಿ ಹಿರಿಯರು, ಹೆಂಗಸರು ಎಲ್ಲರ ಮುಂದೆ ಸಂಕೋಚವಿಲ್ಲದೆ ಮಾತನಾಡಲು ನನಗೆ ಸಾಧ್ಯವಾಗಿದೆ.

ಕೊನೆಗೆ ಉಳಿಸಿಕೊಂಡದ್ದು ದ್ರಾಕ್ಷಿಯ ವೈನ್. ಅಪರೂಪಕ್ಕೆ ಕುಡಿಯುವವರಿಗೆ ಹೆಚ್ಚು ಕಲಿಸುವುದು ಇದೇ ಎಂಬುದು ನನ್ನ ಅನುಭವ. ನಮ್ಮ ರಾಜ್ಯದಲ್ಲಿ ನಂದಿ ಬೆಟ್ಟದ ಸುತ್ತಲ ಸೀಮೆಯಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿ ಎಲ್ಲರಿಗೂ ಗೊತ್ತು. ಅಗ್ಗದ ಪೋರ್ಟ್ ವೈನುಗಳಲ್ಲಿ ಬರುವ ಜಾಮಿನಂಥ ವಾಸನೆ ಈ ಬಗೆಯ ದ್ರಾಕ್ಷಿಯದು. ಪೋರ್ಚುಗಲ್ಲಿನ ಡೋರೋ ಕಣಿವೆಯ ನಿಜವಾದ ಪೋರ್ಟ್ ಬೇರೆ, ಅದರಲ್ಲಿ ಹುದುಗುವಿಕೆ ಅರ್ಧಕ್ಕೆ ಬಂದಾಗ ದ್ರಾಕ್ಷಿಯ ತೀಕ್ಷ್ಣ ಮದ್ಯವನ್ನು ಸೇರಿಸಿ ಯೀಸ್ಟನ್ನು ನಿಲ್ಲಿಸಿ, ಹಣ್ಣಿನ ಸಿಹಿಯನ್ನೇ ಉಳಿಸಿಕೊಳ್ಳುತ್ತಾರೆ. ಫ್ರಾನ್ಸ್ ಮೂಲದ ವೈನ್ ದ್ರಾಕ್ಷಿಗಳನ್ನು ನಂದಿಯ ತಪ್ಪಲಿನಲ್ಲಿ 1988ರ ಸುಮಾರಿಗೆ ಗ್ರೋವರ್ ಕುಟುಂಬದವರು ಬೆಳೆಸಲಾರಂಭಿಸಿದರು. ನಾಸಿಕದಲ್ಲೂ ನಮ್ಮ ವಿಜಯಪುರ, ಬಾಗಲಕೋಟೆಗಳ ಕಡೆಯೂ ತೋಟಗಳು ಎದ್ದದ್ದು ಆಮೇಲೆ.

ಕೆಂಪು ವೈನಿಗೂ ಬಿಳಿ ವೈನಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ಸಿಪ್ಪೆಯದು. ರಸವನ್ನು ಸಿಪ್ಪೆಯೊಂದಿಗೆ ಹುಳಿಸಿದರೆ ಬಣ್ಣವೂ ಒಗರೂ ಇಳಿದು ಕೆಂಪಾಗುತ್ತದೆ, ಸಿಪ್ಪೆ ತೆಗೆದು ಹುಳಿಸಿದರೆ ಬಿಳಿ. ಮೊದಲ ಸಲ ಕೆಂಪು ವೈನ್ ಕುಡಿದವರು ಮುಖ ಕಿವುಚುವುದು ಆ ಒಗರಿಗೆ. ಅಡಿಕೆ ಜಗಿದವರಿಗೆ, ಎಳೆ ನೇರಳೆ ತಿಂದವರಿಗೆ ಅದು ಅಪರಿಚಿತವಲ್ಲ. ಎಂಜಲಿನ ಪ್ರೋಟೀನನ್ನು ಹಿಡಿದು ಬಾಯಿಯನ್ನು ಒಣಗಿಸುವ ಟ್ಯಾನಿನ್ ಎರಡರಲ್ಲೂ ಇದೆ. ಮನೆ ವೈನಿನ ಸಿಹಿಗೆ ಒಗ್ಗಿದ ನಾಲಿಗೆಗೆ ನೇರವಾಗಿ ಕ್ಯಾಬರ್ನೆ ಸೋವಿನ್ಯೋಂ ಎಂಬ ಗಾಢ ಕೆಂಪು ವೈನ್ ಕೊಡುವುದು ಸರಿಯಲ್ಲ. ಮೊದಲು ತುಸು ಸಿಹಿ ಉಳಿಸಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್, ಆಮೇಲೆ ಸಿಹಿಯಿಲ್ಲದ ಒಣ ಬಿಳಿ ವೈನ್, ಆಮೇಲೆ ಶಿರಾಜ್ ದ್ರಾಕ್ಷಿಯ ಕೆಂಪು ವೈನ್ ಎಂಬ ಕ್ರಮದಲ್ಲಿ ಕೆಲವು ತಿಂಗಳುಗಳ ಅವಧಿಯಲ್ಲಿ ಹೋದರೆ ನಾಲಿಗೆ ತಾನಾಗಿ ದಾರಿ ಕಂಡುಕೊಳ್ಳುತ್ತದೆ. ಬಿಳಿಯದನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಕುಡಿಯಬೇಕು. ಕೆಂಪನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಂಪು ಕೋಣೆಗಳಲ್ಲಿ, ಎಂದರೆ 16ರಿಂದ 18 ಡಿಗ್ರಿ. ಮಳೆಗಾಲದ ಮಡಿಕೇರಿಯಲ್ಲಿ ಅದು ತಾನಾಗಿ ಒದಗುತ್ತದೆ, ಏಪ್ರಿಲ್ ತಿಂಗಳ ಕುಶಾಲನಗರದಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಒಂದು ಬಾಟಲಿ 750 ಮಿಲಿಲೀಟರ್ ಇರುವುದರಿಂದ ನಾಲ್ಕೈದು ಜನ ಕೂಡಿದಾಗ ತೆರೆಯುವುದು ಒಳ್ಳೆಯದು. ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಿ, ಹುಳಿಯಾದರೆ ಅಡುಗೆಗೆ ಹಾಕಿ.

ವೈನಿನ ಬಗ್ಗೆ ಓದುವಾಗ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಎಂಬ ಹೆಸರುಗಳು ಬಂದು, ಇವು ನಮ್ಮ ಹಣ್ಣುಗಳಲ್ಲ, ನಮಗೆ ಇದು ತಿಳಿಯುವುದಿಲ್ಲ ಎಂದು ಹಲವರು ಪುಸ್ತಕ ಮುಚ್ಚಿಬಿಡುತ್ತಾರೆ. ನನಗೂ ಹಾಗೆಯೇ ಆಗಿತ್ತು. ಒಂದು ಸಂಜೆ ಸೋವಿನ್ಯೋಂ ಬ್ಲಾಂಕ್ ಎಂಬ ಬಿಳಿ ವೈನನ್ನು ಮೂಸಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಅಟ್ಟ ಮತ್ತು ಅಂದು ಸಿಡಿದ ಬಾಟಲಿಗಳು. ಭ್ರಮೆಯಿರಬಹುದೆಂದು ಸುಮ್ಮನಾದೆ. ಆಮೇಲೆ ಓದಿ ತಿಳಿದದ್ದು, ಪ್ಯಾಶನ್ ಫ್ರೂಟಿಗೆ ಅದರ ವಾಸನೆ ಕೊಡುವ ಗಂಧಕ ಸೇರಿದ ಕೆಲವು ಸಂಯುಕ್ತಗಳೇ ಆ ವೈನಿನಲ್ಲೂ ಇವೆ ಎಂದು. ಇನ್ನೂ ಹತ್ತಿರದ ಸಂಗತಿ ಕರಿಮೆಣಸಿನದು. ಶಿರಾಜ್ ವೈನಿನಲ್ಲಿ ಮೆಣಸಿನ ವಾಸನೆ ಇದೆಯೆಂದು ರುಚಿ ನೋಡುವವರು ಬಹುಕಾಲದಿಂದ ಹೇಳುತ್ತಿದ್ದರು. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಅದರ ಕಾರಣವನ್ನು ಪ್ರಕಟಿಸಿದರು. ರೋಟುಂಡೋನ್ ಎಂಬ ಆ ಸಂಯುಕ್ತ ಶಿರಾಜ್ ದ್ರಾಕ್ಷಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿದೆ, ಕರಿಮೆಣಸಿನಲ್ಲಿ ಹೇರಳವಾಗಿದೆ. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ದು ಅಂಗಳದಲ್ಲಿ ಒಣಗಿಸಿದ ನಮಗಿಂತ ಚೆನ್ನಾಗಿ ಅದನ್ನು ಗುರುತಿಸಬಲ್ಲವರು ಯಾರು?

ನಮ್ಮ ಹಂದಿ ಮಾಂಸದ ಅಡುಗೆಯಾದ ಪಂದಿ ಕರಿಗೆ ಶಿರಾಜ್ ಹೊಂದುವುದಕ್ಕೂ ಇದೇ ಕಾರಣ. ಹುರಿದ ಮಸಾಲೆಯ ಮೆಣಸು ವೈನಿನ ಮೆಣಸನ್ನು ಮೇಲಕ್ಕೆತ್ತುತ್ತದೆ, ಮಾಂಸದ ಕೊಬ್ಬು ಒಗರನ್ನು ಮೃದುವಾಗಿಸುತ್ತದೆ. ಅದರ ಹುಳಿಗೆ ಹಾಕುವ ಕಾಚಂಪುಳಿ ಹೆಚ್ಚಾಗಿದ್ದರೆ ಮಾತ್ರ ಹುಳಿ ಕಡಿಮೆಯಿರುವ ವೈನ್ ಸಪ್ಪೆಯೆನಿಸುತ್ತದೆ, ಖಾರ ಹೆಚ್ಚಾಗಿದ್ದರೆ ಮದ್ಯಸಾರ ಹೆಚ್ಚಿರುವ ವೈನ್ ಬಾಯಿಯನ್ನು ಇನ್ನಷ್ಟು ಉರಿಸುತ್ತದೆ. ಅಂಥ ದಿನ ತಣ್ಣಗಿನ ಶೆನಿನ್ ಬ್ಲಾಂಕ್ ವಾಸಿ.

ಮನೆಗೆ ಹೋದ ಮೇಲೆ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇನೆ. ನಾಲ್ಕು ಜನ ಸೇರಿ ಒಂದು ಶಿರಾಜ್ ತೆರೆಯಿರಿ. ಒಬ್ಬೊಬ್ಬರ ಲೋಟಕ್ಕೆ ಕಾಲು ಭಾಗ ಮಾತ್ರ ಹಾಕಿ, ಪಕ್ಕದಲ್ಲಿ ನಿಮ್ಮ ತೋಟದ ಮೆಣಸನ್ನು ಆಗತಾನೆ ಜಜ್ಜಿ ಒಂದು ತಟ್ಟೆಯಲ್ಲಿಡಿ. ಮೊದಲು ಲೋಟವನ್ನು ಸುತ್ತಾಡಿಸಿ ಮೂಸಿ, ಆಮೇಲೆ ತಟ್ಟೆಯನ್ನು, ಮತ್ತೆ ಲೋಟವನ್ನು. ತೋರಿದ್ದನ್ನು ಪಕ್ಕದವರಿಗೆ ಹೇಳುವ ಮೊದಲು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸುಮಾರು ಐದರಲ್ಲಿ ಒಬ್ಬರ ಮೂಗು ರೋಟುಂಡೋನನ್ನು ಗುರುತಿಸುವುದೇ ಇಲ್ಲವೆಂದು ಆಸ್ಟ್ರೇಲಿಯಾದ ಅದೇ ಅಧ್ಯಯನದಲ್ಲಿ ಕಂಡುಬಂದಿತ್ತು. ಆದ್ದರಿಂದ ನಿಮ್ಮಲ್ಲಿ ಒಬ್ಬರು ಮೆಣಸಿನ ಹೆಸರನ್ನೇ ಬರೆಯದಿದ್ದರೆ ಅವರಿಗೆ ರುಚಿ ತಿಳಿಯದೆಂದು ಹೇಳಬೇಡಿ. ಅವರ ಚೀಟಿಯನ್ನು ಮೊದಲು ಓದಿ, ಮೆಣಸು ಅಡ್ಡ ಬಾರದ ಮೂಗಿಗೆ ಆ ಲೋಟದಲ್ಲಿ ಬೇರೆ ಏನು ಸಿಕ್ಕಿತೆಂದು ಕೇಳಿ.